ಮೂರು ಸಾಲಿನ ಕೋಡ್, ನಲವತ್ತೇಳು ದಿನದ ಟೆಸ್ಟ್

ನಿನ್ನೆ ಸಂಜೆ ನನ್ನ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ತೆಗೆದುಕೊಳ್ಳಿ ಎಂದು ಪ್ರಾಜೆಕ್ಟಿಗೆ ಕಳಿಸುವ ಕೋರಿಕೆ) ಮರ್ಜ್ ಆಯಿತು, ಅಂದರೆ ಮೂಲ ಕೋಡಿಗೆ ಸೇರಿತು. ಅದರಲ್ಲಿ ಬದಲಾದ ಕೋಡ್ ಮೂರೇ ಸಾಲು. ಅದರ ಬೆನ್ನಿಗೆ ನಿಂತ ಟೆಸ್ಟ್, ಅಂದರೆ ಆ ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಕೋಡ್, 94 ಸಾಲು. ಶುರು ಮಾಡಿದ ದಿನದಿಂದ ಲೆಕ್ಕ ಹಾಕಿದರೆ 47 ದಿನ. ಕೂತು ಕೆಲಸ ಮಾಡಿದ್ದು ಸುಮಾರು 31 ಗಂಟೆ, ಉಳಿದದ್ದು ಕಾಯುವುದರಲ್ಲೇ ಕಳೆಯಿತು. ಹಣ ಏನೂ ಖರ್ಚಾಗಲಿಲ್ಲ. ಬಳಸಿದ ಉಪಕರಣಗಳೆಲ್ಲ ಉಚಿತವಾಗಿ ಸಿಗುವಂಥವು. ದಿನದಿನದ ಟಿಪ್ಪಣಿ ಬರೆದಿಟ್ಟುಕೊಂಡಿದ್ದೆ, ಅದನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಮೊದಲ ಸಲ ಟೆಸ್ಟ್ ಬರೆದು ಕಳಿಸಲು ಹೊರಟವರು ನಾನು ಎಡವಿದ ಕಡೆಯೇ ಮತ್ತೆ ಎಡವಬೇಕಾಗಿಲ್ಲ.

ಪ್ರಾಜೆಕ್ಟಿನ ಹೆಸರು ಇಲ್ಲಿ ಬೇಡ. ಪೈಥಾನ್‌ನಲ್ಲಿ ಬರೆದ ಸಣ್ಣ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ಅದು. ಟಿಪ್ಪಣಿಯೊಂದರ ಶೀರ್ಷಿಕೆ ಕೊಟ್ಟರೆ ಅದರಿಂದ ಫೈಲ್ ಹೆಸರು ಮಾಡಿ, ಟಿಪ್ಪಣಿಯನ್ನು ಆ ಹೆಸರಿನಲ್ಲಿ ಉಳಿಸುತ್ತದೆ. ಒಂದು ದಿನ ‘ಕಲೆ’ ಎಂಬ ಶೀರ್ಷಿಕೆಯ ಟಿಪ್ಪಣಿ ಬರೆದೆ, ಆಮೇಲೆ ‘ಕಾಲ’, ಆಮೇಲೆ ‘ಕೋಲು’. ಮೂರು ಟಿಪ್ಪಣಿ ಇರಬೇಕಾದ ಕಡೆ ಒಂದೇ ಫೈಲ್ ಇತ್ತು, ಹೆಸರು ‘ಕಲ’. ಮೊದಲಿನ ಎರಡರ ಮೇಲೆ ಮೂರನೆಯದು ಕೂತುಬಿಟ್ಟಿತ್ತು. ಎರಡು ಟಿಪ್ಪಣಿ ಕಳೆದುಹೋದ ಆ ಸಂಕಟದಿಂದಲೇ ಇದಕ್ಕೆ ಕೈಹಾಕಿದೆ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’ ಎಂದು ಬರೆದರೆ ‘ಪದದಲ್ಲಿ ಬರುವ ಅಕ್ಷರ’ ಎಂದರ್ಥ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕ’, ‘ಲ’ ಅಕ್ಷರಗಳ ವರ್ಗಕ್ಕೆ ಸೇರಿವೆ. ಇಳಿ, ಗುಡಿಸು, ಕೊಂಬು, ಸೊನ್ನೆ, ಅರ್ಧಾಕ್ಷರದ ಚಿಹ್ನೆ ಇವೆಲ್ಲ ‘ಮಾರ್ಕ್’ ಎಂಬ ಬೇರೆ ವರ್ಗಕ್ಕೆ. ಪೈಥಾನ್‌ನ ಆ ನಿಯಮ ಮಾರ್ಕ್‌ಗಳನ್ನು ಪದದ ಅಕ್ಷರವೆಂದು ಒಪ್ಪುವುದಿಲ್ಲ. ‘ಪದದ ಅಕ್ಷರ ಅಲ್ಲದ್ದನ್ನೆಲ್ಲ ತೆಗೆ’ ಎಂದು ಬರೆದ ಒಂದು ಸಾಲು ನಮ್ಮ ಕಾಗುಣಿತವನ್ನೇ ಅಳಿಸಿಹಾಕುತ್ತದೆ. ‘ಕನ್ನಡ ಪಾಠ’ ಎಂದು ಕೊಟ್ಟರೆ ‘ಕನನಡ ಪಠ’ ಬರುತ್ತದೆ.

ಬಗ್ ವರದಿ ಮಾಡಿದೆ. ಎರಡು ದಿನಕ್ಕೆ ಮೇಂಟೇನರ್, ಅಂದರೆ ಪ್ರಾಜೆಕ್ಟನ್ನು ನೋಡಿಕೊಳ್ಳುವವರು, ಉತ್ತರಿಸಿದರು. ಸಮಸ್ಯೆ ನಿಜ, ತಿದ್ದುಪಡಿ ಕಳಿಸಿದರೆ ಸಂತೋಷ, ಆದರೆ ಟೆಸ್ಟ್ ಇಲ್ಲದೆ ತೆಗೆದುಕೊಳ್ಳುವುದಿಲ್ಲ ಎಂದಿದ್ದರು. ಒಂದು ಸಂಜೆಯ ಕೆಲಸ ಅಂದುಕೊಂಡೆ.

ರೆಪೊಸಿಟರಿಯನ್ನು (ಪ್ರಾಜೆಕ್ಟಿನ ಕೋಡ್ ಇರುವ ಜಾಗ) ಫೋರ್ಕ್ ಮಾಡಿ, ಅಂದರೆ ನನ್ನ ಖಾತೆಗೆ ನಕಲು ಮಾಡಿಕೊಂಡು, ಕ್ಲೋನ್ ಮಾಡಿ ಕಂಪ್ಯೂಟರಿಗೆ ಇಳಿಸಿ, ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಕಟ್ಟಿ, ಟೆಸ್ಟ್ ಓಡಿಸುವ ಉಪಕರಣ ಪೈಟೆಸ್ಟ್ ಓಡಿಸಿದೆ. 412 ಟೆಸ್ಟ್‌ಗಳಲ್ಲಿ 409 ಹಸಿರು (ಪಾಸ್), 3 ಕೆಂಪು (ಫೇಲ್). ಇನ್ನೂ ಒಂದಕ್ಷರ ಮುಟ್ಟಿರಲಿಲ್ಲ. ಏನೋ ತಪ್ಪಾಗಿ ಇನ್‌ಸ್ಟಾಲ್ ಮಾಡಿದ್ದೇನೆ ಎಂದುಕೊಂಡು ಎಲ್ಲವನ್ನೂ ಅಳಿಸಿ ಮತ್ತೆ ಮಾಡಿದೆ, ಆಮೇಲೆ ಇನ್ನೊಂದು ಸಲ. ಎರಡು ಸಂಜೆ ಹೀಗೇ ಕಳೆದವು. ಕೊನೆಗೆ ಆ ಮೂರು ಟೆಸ್ಟ್‌ಗಳನ್ನು ತೆರೆದು ಓದಿದೆ. ಒಂದಕ್ಕೆ ಇಂಟರ್ನೆಟ್ ಸಂಪರ್ಕ ಬೇಕಿತ್ತು, ನನ್ನ ಸಂಪರ್ಕ ಆಗ ನಿಧಾನವಿತ್ತು. ಇನ್ನೆರಡು, ಓಡುವ ಕಂಪ್ಯೂಟರ್‌ನ ಗಡಿಯಾರ ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯ) ಇರುತ್ತದೆಂದು ನಂಬಿ ಬರೆದವು. ನನ್ನದು ಹಾಗಿರಲಿಲ್ಲ. ಟೈಮ್‌ಜೋನ್ ಬದಲಿಸಿ ಓಡಿಸಿದಾಗ ಆ ಎರಡೂ ಹಸಿರಾದವು.

ಹಾಗಾಗಿ ಏನನ್ನೂ ಮುಟ್ಟುವ ಮೊದಲು ಮೇನ್ ಬ್ರಾಂಚ್‌ನಲ್ಲಿ (ಕೋಡಿನ ಮುಖ್ಯ ಕವಲು) ಒಮ್ಮೆ ಎಲ್ಲ ಟೆಸ್ಟ್ ಓಡಿಸಿ, ಎಷ್ಟು ಹಸಿರು, ಎಷ್ಟು ಕೆಂಪು, ಯಾವುವು ಎಂದು ಬರೆದಿಟ್ಟುಕೊಳ್ಳಿ. ಮುಂದೆ ಕೆಂಪು ಕಂಡಾಗ ಅದು ನಿಮ್ಮದೋ ಮೊದಲೇ ಇದ್ದದ್ದೋ ಎಂದು ಹೇಳಲು ಆ ಸಂಖ್ಯೆ ಬೇಕೇ ಬೇಕು.

ಮೂರನೇ ದಿನ ಕೋಡ್ ತಿದ್ದಿದೆ, ಮಾರ್ಕ್‌ಗಳನ್ನು ಉಳಿಸುವಂತೆ. ಓಡಿಸಿದರೆ ‘ಕಲೆ’ ಇನ್ನೂ ‘ಕಲ’ವೇ. ಮತ್ತೆ ತಿದ್ದಿದೆ, ಅದೇ ಫಲಿತಾಂಶ. ಕೊನೆಗೆ ಆ ಫಂಕ್ಷನ್‌ನ ಮೊದಲ ಸಾಲಿನಲ್ಲೇ ಬೇಕೆಂದು ಎರರ್ ಎಬ್ಬಿಸಿ ನೋಡಿದೆ. ಅದೂ ಬರಲಿಲ್ಲ! ನಾನು ತಿದ್ದುತ್ತಿದ್ದ ಫೈಲನ್ನು ಪೈಥಾನ್ ಓದುತ್ತಲೇ ಇರಲಿಲ್ಲ. ಲೈಬ್ರರಿಯನ್ನು ಪೈಥಾನ್‌ನ ಇನ್‌ಸ್ಟಾಲರ್ ಪಿಪ್‌ನಿಂದ ಮಾಮೂಲಾಗಿ ಇನ್‌ಸ್ಟಾಲ್ ಮಾಡಿದ್ದೆ; ಅದು ‘ಸೈಟ್ ಪ್ಯಾಕೇಜಸ್’ ಫೋಲ್ಡರ್‌ನಲ್ಲಿ ಒಂದು ಪ್ರತಿ ಇಟ್ಟುಕೊಂಡಿತ್ತು, ಟೆಸ್ಟ್‌ಗಳು ಆ ಪ್ರತಿಯ ಮೇಲೆ ಓಡುತ್ತಿದ್ದವು. ‘ಪಿಪ್ ಇನ್‌ಸ್ಟಾಲ್ ಮೈನಸ್ ಇ ಡಾಟ್’ ಎಂದು, ಅಂದರೆ ಎಡಿಟೆಬಲ್ ರೀತಿಯಲ್ಲಿ ಇನ್‌ಸ್ಟಾಲ್ ಮಾಡಿದರೆ ಪ್ರತಿ ಆಗುವುದಿಲ್ಲ, ನಿಮ್ಮ ಫೋಲ್ಡರನ್ನೇ ಓದುತ್ತದೆ. ಸಂಶಯ ಬಂದರೆ ಮಾಡ್ಯೂಲ್‌ನ ‘ಫೈಲ್’ ಗುಣವನ್ನು ಪ್ರಿಂಟ್ ಮಾಡಿ ನೋಡಿ, ಅದು ಎಲ್ಲಿಂದ ಬಂದಿದೆ ಎಂದು ಹೇಳುತ್ತದೆ. ಇದಕ್ಕೆ ನನ್ನ ನಾಲ್ಕು ಗಂಟೆ ಹೋಯಿತು.

ಈಗ ‘ಕಲೆ’ ‘ಕಲೆ’ಯಾಗಿಯೇ ಬಂತು. ಖುಷಿಯಿಂದ ಪೂರ್ತಿ ಟೆಸ್ಟ್ ಓಡಿಸಿದೆ. ಹಳೆಯ 7 ಟೆಸ್ಟ್ ಕೆಂಪಾದವು.

ಅವೆಲ್ಲ ಯುರೋಪಿನ ಭಾಷೆಗಳ ಪದಗಳು. ‘ಕೆಫೆ’ ಪದವನ್ನು ಫ್ರೆಂಚರು ಬರೆಯುವಾಗ ಕೊನೆಯ ಅಕ್ಷರದ ತಲೆಯ ಮೇಲೆ ಒಂದು ಓರೆಗೆರೆ ಹಾಕುತ್ತಾರೆ. ಲೈಬ್ರರಿ ಮೊದಲು ಅಂಥ ಅಕ್ಷರಗಳನ್ನು ಯೂನಿಕೋಡ್‌ನ ಎನ್‌ಎಫ್‌ಕೆಡಿ ನಿಯಮದ ಪ್ರಕಾರ ಬಿಡಿಸುತ್ತದೆ. ಆಗ ಓರೆಗೆರೆ ಅಕ್ಷರದಿಂದ ಕಳಚಿ ಬೇರೆ ಮಾರ್ಕ್ ಆಗುತ್ತದೆ, ಆಮೇಲೆ ಆ ಹಳೆಯ ಸಾಲು ಅದನ್ನು ತೆಗೆದುಹಾಕುತ್ತದೆ, ಉಳಿಯುವುದು ಸಾದಾ ಅಕ್ಷರ. ಹತ್ತಾರು ವರ್ಷದಿಂದ ಜನ ಬಯಸಿ ಬಳಸುತ್ತಿರುವ ಸೌಕರ್ಯ ಅದು. ನನ್ನ ಪಾಲಿಗೆ ಬಗ್ ಆಗಿದ್ದ ಸಾಲು ಇನ್ನೊಬ್ಬರ ಪಾಲಿಗೆ ಬೇಕಾದ ವರ್ತನೆಯಾಗಿತ್ತು. ಆ ಏಳು ಟೆಸ್ಟ್ ಬರೆದಿಟ್ಟವರು ಯಾರೋ ನನಗೆ ಗೊತ್ತಿಲ್ಲ, ಆದರೆ ಅವರಿಂದಾಗಿ ಬೇರೆಯವರ ಫೈಲ್ ಹೆಸರುಗಳು ನನ್ನ ಕೈಯಿಂದ ಕೆಡುವುದು ತಪ್ಪಿತು. ಟೆಸ್ಟ್ ಬರೆಯುವ ಕೆಲಸದ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟಿದ್ದು ಆ ಹೊತ್ತಿನಲ್ಲಿ.

ಪರಿಹಾರ ಹುಡುಕಲು ಮತ್ತೊಂದು ಸಂಜೆ ಬೇಕಾಯಿತು. ಲ್ಯಾಟಿನ್ ಅಕ್ಷರಗಳ ತಲೆಯ ಮೇಲೂ ಕಾಲ ಕೆಳಗೂ ಕೂರುವ ಸಾಮಾನ್ಯ ಚಿಹ್ನೆಗಳಿಗೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಬ್ಲಾಕ್ ಇದೆ, ಅದರಲ್ಲಿ 112 ಸ್ಥಾನ. ಅಷ್ಟನ್ನು ಮಾತ್ರ ತೆಗೆದು, ಮಿಕ್ಕ ಮಾರ್ಕ್‌ಗಳನ್ನೆಲ್ಲ ಉಳಿಸಿದೆ. ಎರಡು ಸಾಲು. ಹಳೆಯ ಏಳೂ ಹಸಿರಾದವು.

ಮೂರನೇ ಸಾಲು ಹೇಗೆ ಬಂತೆಂದು ಹೇಳುವ ಮೊದಲು ಟೆಸ್ಟ್ ಬರೆಯಲು ಕೂತ ಕಥೆ ಹೇಳಬೇಕು. ಪ್ರಾಜೆಕ್ಟಿನ ಹಳೆಯ ಟೆಸ್ಟ್‌ಗಳು ‘ಯುನಿಟ್‌ಟೆಸ್ಟ್’ ಶೈಲಿಯವು, ಕ್ಲಾಸ್ ಒಳಗೆ ಮೆಥಡ್‌ಗಳು. ಇದು 2001ರಲ್ಲಿ ಪೈಥಾನ್ 2.1ರ ಜೊತೆ ಬಂದ ಮಾಡ್ಯೂಲ್, ಜಾವಾದ ಜೆಯುನಿಟ್ ಮಾದರಿಯಲ್ಲಿ ಕಟ್ಟಿದ್ದು. ಅದರ ಮೆಥಡ್ ಹೆಸರುಗಳ ನಡುವೆ ದೊಡ್ಡಕ್ಷರ ಬರುವುದೂ ಆ ಕಾರಣಕ್ಕೇ. ಓಡಿಸುವುದು ಮಾತ್ರ ಪೈಟೆಸ್ಟ್‌ನಿಂದ, ಅದು ಎರಡೂ ಶೈಲಿಯನ್ನು ಓಡಿಸುತ್ತದೆ. ನನ್ನ ಬಳಿ ಎಂಟು ಮಾದರಿ ಪದಗಳಿದ್ದವು. ಒಂದೇ ಟೆಸ್ಟನ್ನು ಎಂಟೂ ಪದಗಳ ಮೇಲೆ ಓಡಿಸಲು ಪೈಟೆಸ್ಟ್‌ನ ‘ಪ್ಯಾರಾಮೆಟ್ರೈಸ್’ ಇದೆಯಲ್ಲ ಎಂದು ಅದನ್ನು ಕ್ಲಾಸ್ ಒಳಗಿನ ಮೆಥಡ್‌ಗೆ ಹಚ್ಚಿದೆ. ಆರ್ಗ್ಯುಮೆಂಟ್ ಬಂದಿಲ್ಲ ಎಂಬ ಎರರ್. ದಾಖಲೆ ಓದಿದರೆ, ಯುನಿಟ್‌ಟೆಸ್ಟ್‌ನ ‘ಟೆಸ್ಟ್‌ಕೇಸ್’ ಕ್ಲಾಸ್ ಒಳಗೆ ಪ್ಯಾರಾಮೆಟ್ರೈಸ್ ನಡೆಯುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಕ್ಲಾಸ್ ಹೊರಗೆ ಸಾದಾ ಫಂಕ್ಷನ್ ಆಗಿ ಬರೆದರೆ ಸರಿಯಾಗುತ್ತದೆ.

ಅದಕ್ಕೂ ಮುಂಚೆ, ಬಿಡಿಬಿಡಿಯಾಗಿ ಎರಡು ಟೆಸ್ಟ್ ಬರೆದಿದ್ದಾಗ ಇನ್ನೊಂದು ಆಗಿತ್ತು. 412ಕ್ಕೆ ಎರಡು ಸೇರಿ 414 ಆಗಬೇಕಿತ್ತು, ಪೈಟೆಸ್ಟ್ 413 ಎಂದಿತು. ಮೊದಲನೆಯದನ್ನು ನಕಲು ಮಾಡಿ ಎರಡನೆಯದನ್ನು ಬರೆದಿದ್ದೆ, ಫಂಕ್ಷನ್‌ನ ಹೆಸರು ಬದಲಿಸಲು ಮರೆತಿದ್ದೆ. ಒಂದೇ ಫೈಲ್‌ನಲ್ಲಿ ಒಂದೇ ಹೆಸರಿನ ಎರಡು ಫಂಕ್ಷನ್ ಇದ್ದರೆ ಪೈಥಾನ್ ದೂರುವುದಿಲ್ಲ, ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ಬಿಟ್ಟುಬಿಡುತ್ತದೆ. ಹೀಗೆ ಸದ್ದಿಲ್ಲದೆ ಮಾಯವಾದ ಟೆಸ್ಟ್ ಎಂದೂ ಕೆಂಪಾಗುವುದಿಲ್ಲ. ರಫ್ ಅಥವಾ ಫ್ಲೇಕ್8ನಂಥ ಲಿಂಟರ್ (ಕೋಡ್ ಓದಿ ತಪ್ಪು ತೋರಿಸುವ ಉಪಕರಣ) ಇದನ್ನು ಹಿಡಿಯುತ್ತದೆ. ಆದರೆ ಟೆಸ್ಟ್ ಸೇರಿಸಿದಾಗಲೆಲ್ಲ ಒಟ್ಟು ಸಂಖ್ಯೆ ಏರಿತೇ ಎಂದು ಕಣ್ಣಾರೆ ನೋಡುವ ರೂಢಿಗೆ ಬೇರೆ ಬದಲಿ ಇಲ್ಲ. ಹೆಸರು ‘ಟೆಸ್ಟ್’ ಎಂದು ಶುರುವಾಗದ ಫಂಕ್ಷನ್ನನ್ನೂ ಪೈಟೆಸ್ಟ್ ಎತ್ತಿಕೊಳ್ಳುವುದಿಲ್ಲ. ಅದನ್ನೂ ಈ ಎಣಿಕೆಯೇ ಹೇಳಿಕೊಡುತ್ತದೆ.

ಎಂಟು ಪದಗಳ ಟೆಸ್ಟ್ ಓಡಿಸಿದೆ. ಏಳು ಹಸಿರು, ‘ಕೋಲು’ ಕೆಂಪು. ತೆರೆಯ ಮೇಲೆ ಪೈಟೆಸ್ಟ್ ತೋರಿಸಿದ್ದು ಇಷ್ಟು: ಬಂದದ್ದು ‘ಕೋಲು’, ಬರಬೇಕಾದದ್ದು ‘ಕೋಲು’, ಎರಡೂ ಸಮವಲ್ಲ. ಅಕ್ಷರಕ್ಕೆ ಅಕ್ಷರ ಹೋಲಿಸಿದೆ, ದೊಡ್ಡದು ಮಾಡಿ ನೋಡಿದೆ. ಯಾವ ವ್ಯತ್ಯಾಸವೂ ಕಾಣಲಿಲ್ಲ. ಆ ರಾತ್ರಿ ಬಹಳ ಹತಾಶೆಯಾಗಿ ಕಂಪ್ಯೂಟರ್ ಮುಚ್ಚಿಟ್ಟು ಮಲಗಿದೆ.

ಬೆಳಿಗ್ಗೆ ಎರಡರ ಉದ್ದವನ್ನು ಕೇಳಿದೆ. ನಾನು ಟೈಪ್ ಮಾಡಿದ್ದು 4, ಲೈಬ್ರರಿ ಕೊಟ್ಟದ್ದು 6. ಎನ್‌ಎಫ್‌ಕೆಡಿ ಫ್ರೆಂಚ್ ಅಕ್ಷರದಂತೆ ನಮ್ಮ ಓತ್ವವನ್ನೂ ಬಿಡಿಸಿಬಿಡುತ್ತದೆ. ‘ಕೋ’ದಲ್ಲಿನ ಸ್ವರಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತ, ಬಿಡಿಸಿದಾಗ ಅದು ಎತ್ವ, ಊ ಕಾರದ ಕೊಂಬು, ದೀರ್ಘ ಎಂದು ಮೂರಾಗುತ್ತದೆ. ಫಾಂಟ್ ಮೂರನ್ನೂ ಕೂಡಿಸಿ ಒಂದೇ ರೂಪದಲ್ಲಿ ತೋರಿಸುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಕೊನೆಯಲ್ಲಿ ಎನ್‌ಎಫ್‌ಸಿ ನಿಯಮದಿಂದ ಮತ್ತೆ ಕೂಡಿಸಬೇಕು. ಮೂರನೇ ಸಾಲು ಇದು. ಇದನ್ನು ಸೇರಿಸದೆ ಬಿಟ್ಟಿದ್ದರೆ ಫೈಲ್ ಹೆಸರು ನೋಡಲು ಸರಿಯಾಗಿಯೇ ಇರುತ್ತಿತ್ತು, ಆದರೆ ಅದೇ ಹೆಸರನ್ನು ಟೈಪ್ ಮಾಡಿ ಹುಡುಕಿದವರಿಗೆ ಸಿಗದೆ ಹೋಗಬಹುದಿತ್ತು. ಕನ್ನಡವೋ ಬೇರೆ ಲಿಪಿಯೋ ಇರುವ ಟೆಸ್ಟ್‌ನಲ್ಲಿ ಇಂಥ ಒಗಟು ಬಂದರೆ ಪೈಥಾನ್‌ನ ‘ಆಸ್ಕಿ’ ಫಂಕ್ಷನ್‌ಗೆ ಎರಡೂ ಪದ ಕೊಟ್ಟು ಪ್ರಿಂಟ್ ಮಾಡಿ. ಸಂಕೇತಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ.

ಎಂಟೂ ಹಸಿರು. ಇನ್ನೆರಡು ಟೆಸ್ಟ್ ಬರೆದೆ. ಒಂದು, ‘ಕಲೆ’, ‘ಕಾಲ’, ‘ಕೋಲು’ ಮೂರಕ್ಕೂ ಬೇರೆಬೇರೆ ಹೆಸರು ಬರುತ್ತದೆಯೇ ಎಂದು. ಇನ್ನೊಂದು, ಮಾದರಿ ಶೀರ್ಷಿಕೆಗಳ ಫೈಲ್ ಓದಿ, ಪ್ರತಿಯೊಂದಕ್ಕೂ ಟಿಪ್ಪಣಿ ಉಳಿಸಿ, ಶೀರ್ಷಿಕೆಯಷ್ಟೇ ಫೈಲ್‌ಗಳು ಇವೆಯೇ ಎಂದು. ಫೈಲ್ ಬರೆಯುವ ಟೆಸ್ಟ್‌ಗೆ ಪೈಟೆಸ್ಟ್‌ನ ‘ಟೆಂಪ್ ಪಾತ್’ ಫಿಕ್ಸ್ಚರ್ ಬಳಸಿ. ಪ್ರತಿ ಟೆಸ್ಟ್‌ಗೂ ಹೊಸ ಖಾಲಿ ಫೋಲ್ಡರ್ ಕೊಡುತ್ತದೆ. ಕೊನೆಯ ಮೂರು ಸಲ ಓಡಿಸಿದ ಫೋಲ್ಡರ್‌ಗಳನ್ನು ಹಾಗೇ ಇಟ್ಟಿರುವುದರಿಂದ ಏನಾಯಿತೆಂದು ಆಮೇಲೆ ತೆರೆದೂ ನೋಡಬಹುದು. ಒಟ್ಟು 422, ಎಲ್ಲ ಹಸಿರು.

ಅಷ್ಟಕ್ಕೇ ಕಳಿಸಿಬಿಡುವವನಿದ್ದೆ. ಆದರೆ ಪ್ರಾಜೆಕ್ಟಿನ ಕೊಡುಗೆದಾರರ ಕೈಪಿಡಿಯಲ್ಲಿ ಒಂದು ಸೂಚನೆ ಇತ್ತು: ನಿಮ್ಮ ತಿದ್ದುಪಡಿ ಇಲ್ಲದೆ ಈ ಟೆಸ್ಟ್ ಬೀಳುತ್ತದೆ ಎಂದು ಖಚಿತಪಡಿಸಿಕೊಳ್ಳಿ. ಗಿಟ್ ಸ್ಟ್ಯಾಶ್ ಮಾಡಿ ಬದಲಾವಣೆಗಳನ್ನು ಪಕ್ಕಕ್ಕಿಟ್ಟರೆ ಟೆಸ್ಟ್‌ನ ಬದಲಾವಣೆಯೂ ಒಳಗೆ ಹೋಗುತ್ತದೆ. ಅದಕ್ಕೇ ಸೋರ್ಸ್ ಫೈಲ್ ಒಂದನ್ನೇ ಮೇನ್ ಬ್ರಾಂಚ್‌ನಿಂದ ಹಿಂದಕ್ಕೆ ತಂದು ಹೊಸ ಟೆಸ್ಟ್‌ಗಳನ್ನು ಓಡಿಸಿದೆ. ಹತ್ತೂ ಕೆಂಪಾಗುತ್ತವೆ ಎಂಬ ನಿರೀಕ್ಷೆ ಇತ್ತು. ಆರು ಕೆಂಪು, ನಾಲ್ಕು ಹಸಿರು.

ಎಂಟು ಮಾದರಿಗಳಲ್ಲಿ ಮೂರು ‘ಕಮಲ’, ‘ನಗರ’, ‘ಸರಳ’. ಅವುಗಳಲ್ಲಿ ಸ್ವರಚಿಹ್ನೆಯೂ ಇಲ್ಲ, ಒತ್ತೂ ಇಲ್ಲ. ಬಗ್ ಇದ್ದಾಗಲೂ ಸರಿಯಾಗಿಯೇ ಬರುವ ಪದಗಳು. ಅವು ನನ್ನ ತಿದ್ದುಪಡಿಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ‘ಕಮಲ’ವನ್ನು ಉಳಿಸಿಕೊಂಡು ಮಿಕ್ಕೆರಡರ ಜಾಗಕ್ಕೆ ‘ಅಂಕ’ ಮತ್ತು ‘ಅಕ್ಷರ’ ತಂದೆ. ಒಂದು ಸೊನ್ನೆಗೆ, ಇನ್ನೊಂದು ಒತ್ತಕ್ಷರಕ್ಕೆ.

ನಾಲ್ಕನೆಯ ಹಸಿರು ಹೆಚ್ಚು ಭಯ ಹುಟ್ಟಿಸಿತು. ಅದು ಫೈಲ್ ಎಣಿಸುವ ಟೆಸ್ಟ್, ಇಡೀ ಕೆಲಸಕ್ಕೆ ಕಾರಣವಾದ ನಷ್ಟವನ್ನೇ ಪರೀಕ್ಷಿಸಬೇಕಾದದ್ದು. ಇದು ನಿಜವಾಗಿರಲೇಬೇಕು ಎಂದು ಹೇಳುವ ‘ಅಸರ್ಟ್’ ಪದದ ಮುಂದೆ ಆವರಣ ಹಾಕಿ, ಒಳಗೆ ಹೋಲಿಕೆ, ಅಲ್ಪವಿರಾಮ, ವಿವರಣೆಯ ಸಂದೇಶ ಎಂದು ಬರೆದಿದ್ದೆ. ಹಾಗೆ ಬರೆದರೆ ಪೈಥಾನ್‌ಗೆ ಅದು ಎರಡು ಅಂಶಗಳ ಟ್ಯೂಪಲ್ (ಒಂದು ಬಗೆಯ ಪಟ್ಟಿ), ಖಾಲಿಯಲ್ಲದ ಟ್ಯೂಪಲ್ ಯಾವಾಗಲೂ ಸತ್ಯ. ಫೈಲ್ ಒಂದಿರಲಿ ನೂರಿರಲಿ ಆ ಟೆಸ್ಟ್ ಹಸಿರೇ. ಎಚ್ಚರಿಕೆ ಬಂದೇ ಇತ್ತು, ಬೇರೆ ಅರವತ್ತು ಎಚ್ಚರಿಕೆಗಳ ನಡುವೆ ನಾನು ಅದನ್ನು ಓದಿರಲಿಲ್ಲ. ಆವರಣ ತೆಗೆದೆ. ಸೋರ್ಸ್ ಹಳೆಯದಿದ್ದಾಗ ‘ಕಮಲ’ ಬಿಟ್ಟು ಒಂಬತ್ತೂ ಕೆಂಪು, ಹೊಸದಿದ್ದಾಗ ಹತ್ತೂ ಹಸಿರು. ಈ ಒಂದು ಗಂಟೆಯ ಕೆಲಸವನ್ನು ಯಾರೂ ಬಿಡಬೇಡಿ. ಬೀಳುವುದನ್ನು ನೀವು ಕಣ್ಣಾರೆ ನೋಡದ ಟೆಸ್ಟನ್ನು ಇನ್ನೊಬ್ಬರ ಪ್ರಾಜೆಕ್ಟ್‌ಗೆ ಕಳಿಸಿದರೆ, ಅವರು ಅದನ್ನು ನಂಬಿ ವರ್ಷಗಟ್ಟಲೆ ಕೋಡ್ ಬದಲಿಸುತ್ತಾರೆ.

9ನೇ ದಿನ ಪುಲ್ ರಿಕ್ವೆಸ್ಟ್ ತೆರೆದೆ. ಇನ್ನೇನು ಕಂಟಿನ್ಯುಯಸ್ ಇಂಟಿಗ್ರೇಶನ್ (ಬದಲಾವಣೆ ಬಂದಾಗ ಟೆಸ್ಟ್ ತಾನೇ ಓಡಿಸುವ ವ್ಯವಸ್ಥೆ) ಓಡುತ್ತದೆ ಎಂದು ಕಾದರೆ, ವರ್ಕ್‌ಫ್ಲೋಗೆ ಅನುಮೋದನೆ ಬೇಕು ಎಂಬ ಹಳದಿ ಪಟ್ಟಿ ಬಂತು. ಪ್ರಾಜೆಕ್ಟಿನ ಕೋಡ್ ಇರುವ ಗಿಟ್‌ಹಬ್ ತಾಣದಲ್ಲಿ 2021ರಿಂದ ಈ ನಿಯಮವಿದೆ: ಮೊದಲ ಸಲ ಕೊಡುಗೆ ಕೊಡುವವರ ಕೋಡನ್ನು ಮೇಂಟೇನರ್ ಒಪ್ಪಿದ ಮೇಲಷ್ಟೇ ಓಡಿಸಲಾಗುತ್ತದೆ. ಉಚಿತವಾಗಿ ಸಿಗುವ ಯಂತ್ರಗಳನ್ನು ಕೆಲವರು ಕ್ರಿಪ್ಟೋ ನಾಣ್ಯ ಗಣಿಗಾರಿಕೆಗೆ ಬಳಸಿಕೊಂಡ ಮೇಲೆ ಬಂದ ಕ್ರಮ ಅದು, ನ್ಯಾಯವಾದದ್ದೇ. ಆದರೂ ಆ ಗುಂಡಿ ಒತ್ತಲು ಯಾರಾದರೂ ಬರಲಿ ಎಂದು ಆರು ದಿನ ಕಾದೆ.

15ನೇ ದಿನ ಓಡಿತು. ಮೂರು ಆಪರೇಟಿಂಗ್ ಸಿಸ್ಟಮ್, ನಾಲ್ಕು ಪೈಥಾನ್ ಆವೃತ್ತಿ, ಒಟ್ಟು 12 ಜಾಬ್. ಲಿನಕ್ಸ್, ಮ್ಯಾಕ್ ಎಂಟೂ ಹಸಿರು. ವಿಂಡೋಸ್ ನಾಲ್ಕೂ ಕೆಂಪು.

ನನ್ನ ಬಳಿ ವಿಂಡೋಸ್ ಇಲ್ಲ. ಲಾಗ್ ಮಾತ್ರ ಇತ್ತು. ಮಾದರಿ ಶೀರ್ಷಿಕೆಗಳ ಫೈಲ್ ಓದುವಾಗ 8ನೇ ಸ್ಥಾನದ ಬೈಟ್ ಅರ್ಥವಾಗಲಿಲ್ಲ ಎಂಬ ಡಿಕೋಡ್ ಎರರ್. ಫೈಲ್ ತೆರೆಯುವಾಗ ಎನ್‌ಕೋಡಿಂಗ್, ಅಂದರೆ ಬೈಟ್‌ಗಳನ್ನು ಅಕ್ಷರವಾಗಿ ಓದುವ ಪದ್ಧತಿ, ಯಾವುದೆಂದು ಹೇಳಿರಲಿಲ್ಲ. ಲಿನಕ್ಸ್, ಮ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಯುಟಿಎಫ್-8 ಎಂದೇ ಓದಲಾಗುತ್ತದೆ, ಆ ವಿಂಡೋಸ್ ಯಂತ್ರದಲ್ಲಿ ಸಿಪಿ 1252 ಎಂಬ ಹಳೆಯ ಕೋಷ್ಟಕದ ಪ್ರಕಾರ. ಅದರಲ್ಲಿ 256 ಬೈಟ್‌ಗಳ ಪೈಕಿ ಐದಕ್ಕೆ ಅರ್ಥವೇ ಇಲ್ಲ: 129, 141, 143, 144, 157. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಅರ್ಧಾಕ್ಷರದ ಚಿಹ್ನೆಗೆ 224, 179, 141. ನನ್ನ ಫೈಲ್‌ನ ಮೊದಲ ಪದ ‘ಕನ್ನಡ’, ಸೊನ್ನೆಯಿಂದ ಎಣಿಸಿದರೆ ಆ 141 ಸರಿಯಾಗಿ 8ನೇ ಸ್ಥಾನದಲ್ಲಿ ಕೂತಿದೆ. ಉಕಾರದ ಕೊಂಬಿನ ಕೊನೆಯ ಬೈಟ್ 129. ಏ, ಐ, ಝ ಅಕ್ಷರಗಳಿಗೆ 143, 144, 157. ಇವುಗಳಲ್ಲಿ ಯಾವುದೂ ಇಲ್ಲದ ‘ಕಲೆ’, ‘ಕಾಲ’ ಮಾತ್ರ ಫೈಲ್‌ನಲ್ಲಿ ಇದ್ದಿದ್ದರೆ ಎರರ್ ಬಾರದೆ ಕಲಸುಮೇಲೋಗರವಾದ ಅಕ್ಷರಗಳು ಒಳಗೆ ಬಂದು, ಫೈಲ್‌ಗಳ ಎಣಿಕೆ ಸರಿಯಾಗಿಯೇ ಇದ್ದು, ಟೆಸ್ಟ್ ಹಸಿರಾಗಿಬಿಡುತ್ತಿತ್ತು. ಮೊದಲ ಪದ ‘ಕನ್ನಡ’ ಆಗಿದ್ದು ನನ್ನ ಅದೃಷ್ಟ.

ಫೈಲ್ ತೆರೆಯುವ ಕಡೆಯೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದೆ. ಪೈಥಾನ್ 3.15ರಿಂದ ಇದೇ ಡಿಫಾಲ್ಟ್ ಆಗಬೇಕೆಂದು ಪೈಥಾನ್ ಸುಧಾರಣೆಯ ಪ್ರಸ್ತಾವ ಪೆಪ್ 686ರಲ್ಲಿ ತೀರ್ಮಾನವಾಗಿದೆ, ಆದರೆ ಹಳೆಯ ಆವೃತ್ತಿಗಳು ಬಹುಕಾಲ ಬಳಕೆಯಲ್ಲಿರುತ್ತವೆ, ಬರೆಯುವುದೇ ಕ್ಷೇಮ.

ಪುಶ್ ಮಾಡಿದರೆ, ಅಂದರೆ ಬದಲಾವಣೆಯನ್ನು ಗಿಟ್‌ಹಬ್‌ಗೆ ಕಳಿಸಿದರೆ, ಮತ್ತೆ ಅದೇ ಹಳದಿ ಪಟ್ಟಿ. ಮೊದಲ ಕೊಡುಗೆ ಮರ್ಜ್ ಆಗುವವರೆಗೂ ಪ್ರತಿ ಸಲ ಅನುಮೋದನೆ ಬೇಕಾಗುತ್ತದೆ. ಆಗ ಗೊತ್ತಾದದ್ದು ಇದು, ಮೊದಲೇ ಗೊತ್ತಿದ್ದರೆ ಒಂದು ವಾರ ಉಳಿಯುತ್ತಿತ್ತು: ನಿಮ್ಮ ಫೋರ್ಕ್‌ನಲ್ಲೇ ಟೆಸ್ಟ್ ಓಡಿಸುವ ಗಿಟ್‌ಹಬ್ ಸೇವೆ ‘ಆಕ್ಷನ್ಸ್’ ಸಕ್ರಿಯಗೊಳಿಸಿಕೊಳ್ಳಬಹುದು. ಪ್ರಾಜೆಕ್ಟಿನ ವರ್ಕ್‌ಫ್ಲೋ ಯಾವುದೇ ಬ್ರಾಂಚ್‌ಗೆ ಪುಶ್ ಆದಾಗಲೂ ಓಡುವಂತೆ ಬರೆದಿದ್ದರೆ, ಅದೇ 12 ಜಾಬ್ ನಿಮ್ಮ ಖಾತೆಯಲ್ಲಿ ಓಡುತ್ತವೆ. ಸಾರ್ವಜನಿಕ ರೆಪೊಸಿಟರಿಗೆ ಅದು ಉಚಿತ, ಯಾರ ಅನುಮತಿಯೂ ಬೇಡ. ವಿಂಡೋಸ್ ಇಲ್ಲದವರಿಗೆ ವಿಂಡೋಸ್‌ನಲ್ಲಿ ಟೆಸ್ಟ್ ಮಾಡುವ ದಾರಿಯೂ ಅದೇ. ನಾಲ್ಕೂ ಹಸಿರಾದುದನ್ನು ನನ್ನ ಫೋರ್ಕ್‌ನಲ್ಲಿ ನೋಡಿದ ಮೇಲೆ ಆ ರಾತ್ರಿ ನಿಶ್ಚಿಂತೆಯಾಗಿ ನಿದ್ದೆ ಮಾಡಿದೆ.

ಆಮೇಲೆ 13 ದಿನ ಯಾವ ಸುದ್ದಿಯೂ ಇಲ್ಲ. ಇಡೀ ಕೆಲಸದಲ್ಲಿ ಕಷ್ಟವಾದದ್ದು ಈ ಕಾಯುವಿಕೆಯೇ. ದಿನಕ್ಕೆ ನಾಲ್ಕೈದು ಸಲ ಇಮೇಲ್ ನೋಡುತ್ತಿದ್ದೆ. ಬರೆದದ್ದು ಸರಿಯಿಲ್ಲವೇನೋ, ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೇನೋ ಎಂಬ ಅಳುಕು. ಅವರು ಸಂಬಳವಿಲ್ಲದೆ ತಮ್ಮ ಬಿಡುವಿನ ಹೊತ್ತು ಕೊಡುತ್ತಿರುವವರು ಎಂಬುದು ಗೊತ್ತಿದ್ದೂ ಮನಸ್ಸು ಕೇಳುತ್ತಿರಲಿಲ್ಲ. ಹತ್ತು ದಿನ ಕಳೆದ ಮೇಲೆ ಒಂದೇ ವಾಕ್ಯದ ವಿನಮ್ರ ನೆನಪೋಲೆ ಬರೆದೆ. ಅದರಿಂದ ತಪ್ಪೇನೂ ಆಗಲಿಲ್ಲ; ಮೂರು ದಿನಕ್ಕೆ ರಿವ್ಯೂ ಬಂತು.

ರಿವ್ಯೂ ವಿವರವಾಗಿಯೂ ಸೌಜನ್ಯದಿಂದಲೂ ಇತ್ತು. ಟೆಸ್ಟ್‌ನ ಹೆಸರು ನೋಡಿದರೇ ಯಾವ ವರ್ತನೆ ಮುರಿದಿದೆ ಎಂದು ತಿಳಿಯಬೇಕು ಎಂದರು, ಬದಲಿಸಿದೆ. ಪ್ರತಿ ಕನ್ನಡ ಪದದ ಪಕ್ಕ ಅದರಲ್ಲಿ ಏನನ್ನು ಪರೀಕ್ಷಿಸುತ್ತಿದ್ದೇವೆ ಎಂಬ ಟಿಪ್ಪಣಿ ಕೇಳಿದರು. ಲಿಪಿ ಓದಲು ಬಾರದವರು ನಾಳೆ ಆ ಟೆಸ್ಟ್ ಕೆಂಪಾದಾಗ ಏನು ಮಾಡಬೇಕು? ಅದು ನನಗೆ ಹೊಳೆದೇ ಇರಲಿಲ್ಲ. ಬಿಡಿಸಿ ಬರೆದ ‘ಕೋಲು’ವನ್ನೇ ಒಳಗೆ ಕೊಟ್ಟರೂ ಕೂಡಿದ ರೂಪವೇ ಬರಬೇಕು ಎಂಬ ಇನ್ನೊಂದು ಮಾದರಿ ಸೇರಿಸಲು ಹೇಳಿದರು. ಒಟ್ಟು 423 ಆಯಿತು. ಕವರೇಜ್ ವರದಿಯಲ್ಲಿ ನನ್ನ ಮೂರೂ ಸಾಲು 100 ಶೇಕಡಾ ಇತ್ತು, ಆ ಬಗ್ಗೆ ಅವರು ಏನೂ ಹೇಳಲಿಲ್ಲ. ಆವರಣದ ತಪ್ಪು ಇದ್ದಾಗಲೂ ಅದು 100 ಶೇಕಡಾವೇ ಇತ್ತಲ್ಲ. ಸಾಲು ಓಡಿತು ಎಂಬುದನ್ನಷ್ಟೇ ಕವರೇಜ್ ಎಣಿಸುತ್ತದೆ, ಫಲಿತಾಂಶವನ್ನು ಯಾರಾದರೂ ನೋಡಿದರೇ ಎಂಬುದನ್ನಲ್ಲ.

ಕೊನೆಯ ಪ್ರಶ್ನೆ ಕಠಿಣವಾಗಿತ್ತು. ‘ಟೆಸ್ಟ್‌ಗಳು’ ಎಂದು ಬರೆಯುವಾಗ ಅರ್ಧಾಕ್ಷರದ ನಂತರ ‘ಗ’ ಒತ್ತಾಗಿ ಕೆಳಗಿಳಿಯದಂತೆ ನಾವು ಒಂದು ಕಾಣದ ಸಂಕೇತ ಹಾಕುತ್ತೇವೆ, ಜೀರೋ ವಿಡ್ತ್ ನಾನ್ ಜಾಯ್ನರ್. ಅದು ಅಕ್ಷರವೂ ಅಲ್ಲ, ಮಾರ್ಕ್ ಕೂಡ ಅಲ್ಲ, ಮೂರನೆಯ ವರ್ಗ. ನನ್ನ ತಿದ್ದುಪಡಿಯ ನಂತರವೂ ಲೈಬ್ರರಿ ಅದನ್ನು ತೆಗೆದುಬಿಡುತ್ತದೆ, ಹೆಸರು ‘ಟೆಸ್ಟ್ಗಳು’ ಆಗುತ್ತದೆ. ಉಳಿಸಬೇಕೇ ಎಂದು ಕೇಳಿದರು. ಉಳಿಸಿದರೆ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಬೇರೆ ಫೈಲ್ ಹೆಸರು ಹುಟ್ಟುವ ಅಪಾಯ ಬೇರೆ ಭಾಷೆಗಳಲ್ಲಿದೆ. ಎರಡು ದಿನ ಚರ್ಚೆಯಾಗಿ, ಇದನ್ನು ಪ್ರತ್ಯೇಕ ಇಶ್ಯೂ ಮಾಡೋಣ, ಈಗ ‘ಎಕ್ಸ್‌ಫೇಲ್’ ಟೆಸ್ಟ್ ಬರೆದಿಡೋಣ ಎಂದಾಯಿತು. ಇದು ಬೀಳುತ್ತದೆಂದು ನಮಗೆ ಗೊತ್ತು ಎಂಬ ಗುರುತು ಅದು. ‘ಸ್ಟ್ರಿಕ್ಟ್’ ಎಂದು ಕೊಟ್ಟರೆ, ಮುಂದೆ ಯಾರಾದರೂ ಸರಿಪಡಿಸಿ ಟೆಸ್ಟ್ ಪಾಸಾದ ದಿನ ಪೈಟೆಸ್ಟ್ ಕೆಂಪು ತೋರಿಸಿ, ಆ ಗುರುತನ್ನು ತೆಗೆಯುವಂತೆ ಮಾಡುತ್ತದೆ. ಕಾಣದ ಸಂಕೇತವನ್ನು ಮಾತ್ರ ಟೆಸ್ಟ್ ಫೈಲ್‌ನಲ್ಲಿ ಹಾಗೇ ಟೈಪ್ ಮಾಡಿಡಬೇಡಿ, ಯಾವುದಾದರೂ ಎಡಿಟರ್ ಅದನ್ನು ಅಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಪೈಥಾನ್‌ನಲ್ಲಿ ಸಂಕೇತದ ಯೂನಿಕೋಡ್ ಹೆಸರನ್ನೇ ಸ್ಟ್ರಿಂಗ್ ಒಳಗೆ ಬರೆಯಲು ಅವಕಾಶವಿದೆ, ಹಾಗೆ ಬರೆಯಿರಿ.

ದಾಖಲೆಯ ವಿಷಯ ಒಂದು ಬಾಕಿ ಇತ್ತು. ಈ ಪ್ರಾಜೆಕ್ಟ್ ಡಿಸಿಒ (ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್) ಕೇಳುತ್ತದೆ. 2004ರಲ್ಲಿ ಲಿನಕ್ಸ್ ಕರ್ನಲ್‌ಗಾಗಿ ಶುರುವಾದ ಪದ್ಧತಿ ಅದು: ಈ ಕೋಡ್ ನನ್ನದು, ಅಥವಾ ಇದನ್ನು ಕೊಡುವ ಹಕ್ಕು ನನಗಿದೆ ಎಂದು ಪ್ರತಿ ಕಮಿಟ್‌ನ (ದಾಖಲಿಸಿದ ಒಂದು ಬದಲಾವಣೆ) ಕೊನೆಯಲ್ಲಿ ಹೆಸರು, ಇಮೇಲ್ ಸಹಿತ ‘ಸೈನ್ಡ್ ಆಫ್ ಬೈ’ ಸಾಲು. ಕಮಿಟ್ ಮಾಡುವಾಗ ಸಣ್ಣ ‘ಎಸ್’ ಆಯ್ಕೆ ಕೊಟ್ಟರೆ ತಾನೇ ಬರುತ್ತದೆ. ನನ್ನ ಐದು ಕಮಿಟ್‌ಗಳಲ್ಲಿ ಎರಡಕ್ಕೆ ಇರಲಿಲ್ಲ. ರೀಬೇಸ್ ಮಾಡುವಾಗ, ಅಂದರೆ ಕಮಿಟ್‌ಗಳನ್ನು ಹೊಸದಾಗಿ ಬರೆಯುವಾಗ, ‘ಸೈನ್ ಆಫ್’ ಆಯ್ಕೆ ಕೊಟ್ಟು ಐದಕ್ಕೂ ಸೇರಿಸಿ, ಬಲವಂತದ ಪುಶ್ ಮಾಡಬೇಕಾಯಿತು. ಆ ಇಮೇಲ್ ವಿಳಾಸ ಎಲ್ಲರಿಗೂ ಶಾಶ್ವತವಾಗಿ ಕಾಣುತ್ತದೆ. ಯಾವ ವಿಳಾಸ ಕೊಡಬೇಕೆಂದು ಮೊದಲ ಕಮಿಟ್‌ಗೆ ಮುಂಚೆಯೇ ಯೋಚಿಸಿ.

33ನೇ ದಿನ ಎಲ್ಲವನ್ನೂ ಮತ್ತೆ ಕಳಿಸಿದೆ. 47ನೇ ದಿನ ಸಂಜೆ ಇಮೇಲ್ ಬಂತು. 12 ಜಾಬ್ ಹಸಿರು, 423 ಪಾಸ್, 1 ಎಕ್ಸ್‌ಫೇಲ್, ಮರ್ಜ್. ಮೇನ್ ಬ್ರಾಂಚ್ ಇಳಿಸಿಕೊಂಡು ‘ಕಲೆ’, ‘ಕಾಲ’, ‘ಕೋಲು’ ಎಂದು ಮೂರು ಟಿಪ್ಪಣಿ ಉಳಿಸಿದೆ. ಫೋಲ್ಡರ್ ತೆರೆದರೆ ಮೂರು ಫೈಲ್. ಕಳೆದ ಎರಡು ಟಿಪ್ಪಣಿ ಹಿಂದಿರುಗಿ ಬರಲಿಲ್ಲ, ನೆನಪಿದ್ದಷ್ಟನ್ನು ಮತ್ತೆ ಬರೆದೆ.

ಆ ಒಂದು ಎಕ್ಸ್‌ಫೇಲ್ ಇನ್ನೂ ಅಲ್ಲೇ ಇದೆ. ಅರ್ಧಾಕ್ಷರದ ಚಿಹ್ನೆಯ ನಂತರ ಬಂದಾಗ ಮಾತ್ರ ಆ ಕಾಣದ ಸಂಕೇತವನ್ನು ಉಳಿಸಿದರೆ ಸಾಕೇ ಎಂದು ನೋಡಲು ಇವತ್ತು ಬೆಳಿಗ್ಗೆ ಹೊಸ ಬ್ರಾಂಚ್ ತೆಗೆದೆ. ಈ ಸಲ ಮೊದಲು ಟೆಸ್ಟ್ ಬರೆದಿದ್ದೇನೆ. ನಾಲ್ಕು ಮಾದರಿ, ನಾಲ್ಕೂ ಕೆಂಪು.